ಬೀಗದೊಳಗಿನ ಜೋಪಾನಪ್ಪ

“ಈ ರಜೆ ಮುಗಿಯೋವರೆಗೆ ನನ್ನ ಮನೆಯೊಳಗೆ ಒಂದು ಇರುವೆ ನುಗ್ಗಿದ್ರೂ ನನ್ನ ಹೆಸರು ಬದಲಾಯಿಸಿ,” ಎಂದು ಜೋಪಾನಪ್ಪನವರು ಎದೆಯುಬ್ಬಿಸಿ ಘೋಷಿಸಿದರು.

“ಅದನ್ನ ಜನ ಆಗಲೇ ಬದಲಾಯಿಸಿದ್ದಾರಲ್ಲ,” ಎಂದರು ಬಟ್ಟೆ ಮಡಿಸುತ್ತಿದ್ದ ಹೆಂಡತಿ.

ಮಾತು ನಿಜವೇ. ಅವರು ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ. ಬಾಯ್ಲರ್ ಹತ್ತಿರ ಹೋಗುವವನಿಗೂ ಜೋಪಾನ, ಟೀ ಕುಡಿಯುವವನಿಗೂ ಜೋಪಾನ ಎಂದು ಹೇಳಿ ಹೇಳಿ, ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಈಗ ಸಾಲು ರಜೆ ಬಂದಿತ್ತು. ಗಂಡ ಹೆಂಡತಿ ಮಗಳ ಊರಿಗೆ ಹೊರಟಿದ್ದರು. ಮೊದಲ ಮೊಮ್ಮಗಳು ಹುಟ್ಟಿದ್ದಳು. ಫೋನಿನಲ್ಲಿ ನೋಡುವ ಮಾತೇ ಇಲ್ಲ, ನೋಡಿದರೆ ಎತ್ತಿಕೊಂಡೇ ನೋಡುವುದು ಎಂದು ತಾತನ ಹಟ. ರಜೆಯ ನೂಕುನುಗ್ಗಲಿನಲ್ಲಿ ಎರಡು ಸೀಟು ಸಿಕ್ಕಿದ್ದೇ ಏಳು ಜನ್ಮದ ಪುಣ್ಯ.

ಹೊರಡುವ ಮುನ್ನ ಮನೆಗೂ ಕಾರ್ಖಾನೆಯ ಕಾನೂನು ಜಾರಿಯಾಯಿತು. ಕರೆಂಟು ಬಂದ್, ಗ್ಯಾಸ್ ಬಂದ್. ಹಿಂಬಾಗಿಲಿಗೆ ಯಂತ್ರಗಳಿಗೆ ಹಾಕುವಂಥ ಕೆಂಪು ಬೀಗ. ಒಂದು ಬೀಗಕ್ಕೆ ಒಂದೇ ಕೀಲಿ; ಇನ್ನೊಂದು ಇದ್ದರೆ ಅದು ಕಳ್ಳನಿಗೆ ಇಟ್ಟ ಹಾಗೆ ಎಂಬುದು ಅವರ ವಾದ. ಮುಂಬಾಗಿಲು ಹೆಂಡತಿಯ ಜವಾಬ್ದಾರಿ. “ಒಳಗೆ ಯಾರಾದ್ರೂ ಇದ್ದೀರಾ ಅಂತ ಮೂರು ಸಲ ಕೂಗು. ಉತ್ತರ ಬರದಿದ್ರೆ ಬೀಗ ಜಡಿ, ಕೀಲಿ ಗೊಂಚಲು ನಿನ್ನ ಹತ್ತಿರವೇ ಇರಲಿ. ಇದು ನಿಯಮ.”

ಎದುರು ಮನೆಯ ಟೈಲರ್ ಅಕ್ಕನಿಗೂ ಪಾಠವಾಯಿತು. “ನಮ್ಮ ಮನೆಯಲ್ಲಿ ಸದ್ದು ಕೇಳಿದ್ರೆ ತಕ್ಷಣ ಪೊಲೀಸರಿಗೆ ಹೇಳಿ. ಎಷ್ಟು ಸಿಹಿಯಾಗಿ ಮಾತಾಡಿದ್ರೂ ನಂಬಬೇಡಿ. ಈಗಿನ ಕಳ್ಳರು ದನೀನೂ ಕದೀತಾರೆ.”

ಕೊನೆಗೆ ನೀರಿನ ಕೊಳವೆಯ ತಿರುಪು ನೆನಪಾಯಿತು. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಅಡುಗೆಮನೆಯ ಸಿಂಕಿನ ಕೆಳಗೆ ತಲೆ ತೂರಿಸಿದರು.

“ಒಳಗೆ ಯಾರಾದ್ರೂ ಇದ್ದೀರಾ?” ಎಂದು ಹೊರಗಿನಿಂದ ಕೂಗು ಬಂತು.

“ಊಂ ಊಂ,” ಎಂದರು ಜೋಪಾನಪ್ಪನವರು.

ಹೆಂಡತಿ ಮೂರು ಸಲವೂ ಕೂಗಿದರು, ನಿಯಮದಲ್ಲಿ ಒಂದಿಷ್ಟೂ ಲೋಪವಿಲ್ಲ. ಗಂಡನನ್ನು ಹುಡುಕುವ ಯೋಚನೆಯೂ ಅವರಿಗೆ ಬರಲಿಲ್ಲ. ಪ್ರತಿ ಪ್ರಯಾಣದಲ್ಲೂ ಆತ ಮೊದಲೇ ಹೋಗಿ ಬಸ್ಸಿನ ಟೈರು ತಟ್ಟಿ ನೋಡುವುದು ವಾಡಿಕೆ. ಒಳಗೆ ಜೋಪಾನಪ್ಪನವರು ಗಾಬರಿಯಿಂದ ತಲೆ ಎತ್ತಿದ್ದೇ ತಡ, ಸಿಂಕು ನೆತ್ತಿಗೆ ಬಡಿದು ಕಣ್ಣು ಕತ್ತಲಿಟ್ಟಿತು. ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಆಟೋ ಹೊರಟೇಹೋಗಿತ್ತು, ಅದರ ಜೊತೆ ಬ್ಯಾಗಿನಲ್ಲಿದ್ದ ಇವರ ಫೋನೂ.

ಜೋಪಾನಪ್ಪನವರು ಕಿಟಕಿಯತ್ತ ಓಡಿದರು. ಕಿಟಕಿಗಳಿಗೆಲ್ಲ ಸರಳು, ಸರಳಿಗೆ ಜಾಲರಿ, ಗಾಜಿಗೆ ಕಪ್ಪು ಹಾಳೆ. ಎಲ್ಲ ಅವರದೇ ಕೈಚಳಕ. ಜಾಲರಿಗೆ ಬಾಯಿಟ್ಟು ಕೂಗಿದರು.

“ಟೈಲರ್ ಅಕ್ಕಾ, ನಾನು, ನಿಮ್ಮ ಎದುರುಮನೆಯವನು. ಒಳಗೆ ಸಿಕ್ಕಿಹಾಕ್ಕೊಂಡಿದ್ದೀನಿ.”

“ಅಯ್ಯೋ ಶಿವನೇ, ದನಿ ಥೇಟ್ ಅವರದೇ,” ಎಂದು ಅಕ್ಕ ಬೆಚ್ಚಿಬಿದ್ದರು. “ಕದ್ದೇಬಿಟ್ಟನಲ್ಲಪ್ಪ.”

ಕಾನ್‌ಸ್ಟೇಬಲ್ ಬಂದರು. ಅಕ್ಕನ ಫೋನಿನಿಂದಲೇ ಬಸ್ ನಿಲ್ದಾಣದಲ್ಲಿದ್ದ ಹೆಂಡತಿಗೆ ಕರೆ ಹೋಯಿತು. “ಅಮ್ಮಾ, ನಿಮ್ಮ ಮನೆಯೊಳಗೆ ಒಬ್ಬ ಸೇರ್ಕೊಂಡಿದ್ದಾನೆ. ನಿಮ್ಮ ಯಜಮಾನ್ರಂತೆ.”

“ಸಾಧ್ಯಾನೇ ಇಲ್ಲ. ಇವರನ್ನ ಹುಡುಕ್ತಾ ಬಸ್ಸಿನ ಕೆಳಗೆಲ್ಲ ಬಗ್ಗಿ ನೋಡ್ತಿದ್ದೀನಿ. ಏನು ಮಾಡ್ತಿದ್ದಾನೆ ಆ ಮನುಷ್ಯ?”

“ಬಾಗಿಲು ಒಡೀತೀನಿ ಅಂದ್ರೆ, ಮೊದಲು ಹೆಲ್ಮೆಟ್ ಹಾಕ್ಕೊಳ್ಳಿ ಅಂತ ನನಗೇ ಬುದ್ಧಿ ಹೇಳ್ತಿದ್ದಾನೆ.”

“ನಮ್ಮವರೇ,” ಎಂದರು ಹೆಂಡತಿ.

ಫೋನಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಕೀಲಿ ತರಲು ಈಕೆ ಬಸ್ಸು ಬಿಟ್ಟು ಬಂದರೆ ಇಬ್ಬರಿಗೂ ಮೊಮ್ಮಗಳಿಲ್ಲ. ರಜೆ ಮುಗಿಯುವವರೆಗೆ ಬೇರೆ ಸೀಟು ಸಿಗುವಂತಿರಲಿಲ್ಲ. ಕಾನ್‌ಸ್ಟೇಬಲ್ ಜಾಲರಿಗೆ ಹಿಡಿದ ಫೋನಿಗೆ ಜೋಪಾನಪ್ಪನವರು ಒಳಗಿನಿಂದಲೇ ಕೂಗಿದರು.

“ನೀನು ಹೋಗು. ಮಗೂನ ನನ್ನ ಪಾಲಿಗೂ ಸೇರಿಸಿ ಎತ್ಕೋ. ಕತ್ತಿನ ಕೆಳಗೆ ಕೈ ಕೊಟ್ಟು, ಜೋಪಾನ.”

ಬೀಗ ಜಪ್ಪಯ್ಯ ಅನ್ನಲಿಲ್ಲ. ಕಾನ್‌ಸ್ಟೇಬಲ್ ಹಾರೆ ಹಾಕಿ ಮೀಟಿದಾಗ ಬಾಗಿಲು ಚೌಕಟ್ಟಿನ ಸಮೇತ ಕಿತ್ತುಬಂತು, ಬೀಗ ಮಾತ್ರ ಹಾಗೇ ಇತ್ತು. ಬಡಗಿಗೆ ಹೇಳಿಕಳಿಸಿದರೆ ಅವನೂ ರಜೆಗೆ ಊರಿಗೆ ಹೋಗಿದ್ದ. ಬಾಗಿಲೇ ಇಲ್ಲದ ಮನೆಯನ್ನು ಬಿಟ್ಟು ಹೋಗುವುದೆಲ್ಲಿಗೆ? ಜೋಪಾನಪ್ಪನವರು ಕಾರ್ಖಾನೆಯ ಖಾಕಿ ಅಂಗಿ ತೊಟ್ಟು, ಕೋಲು ಹಿಡಿದು, ಬಾಗಿಲಿದ್ದ ಜಾಗದಲ್ಲಿ ಕುರ್ಚಿ ಹಾಕಿ ಕುಳಿತರು.

ಮರುದಿನ ಸಂಜೆ ಟೈಲರ್ ಅಕ್ಕ ತಮ್ಮ ಫೋನ್ ತಂದುಕೊಟ್ಟರು. ಪರದೆಯಲ್ಲಿ ಹೆಂಡತಿ, ಅವರ ತೋಳಿನಲ್ಲಿ ಮುಷ್ಟಿ ಬಿಗಿದುಕೊಂಡ ಮೊಮ್ಮಗಳು. ತಾತನ ಹಟ ಎಲ್ಲಿ ಹೋಯಿತೋ, ಕಣ್ಣಲ್ಲಿ ನೀರು ತುಂಬಿ ಮಗುವಿನ ಮುಖವೇ ಮಂಜಾಯಿತು. “ಬಂಗಾರೀ, ತಾತ ಕಣಮ್ಮ,” ಎಂದು ಪರದೆಗೆ ಮೂಗು ತಾಗಿಸಿದರು.

ಬೀದಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಅಲ್ಲೇ ನಿಂತರು.

“ಏನಯ್ಯಾ ವಾಚ್‌ಮನ್, ಬಾಗಿಲು ಹೋಗಿರೋದೂ ಗೊತ್ತಾಗದೆ ಫೋನ್ ನೋಡ್ತಾ ಕೂತಿದ್ದೀಯಲ್ಲ. ಮನೆಯವರಿಗೆ ಗೊತ್ತಾದ್ರೆ ಸುಮ್ಮನೆ ಬಿಡ್ತಾರಾ?”

ಜೋಪಾನಪ್ಪನವರು ಬಾಯಿ ತೆರೆಯುವ ಮೊದಲೇ ಫೋನಿನೊಳಗಿನಿಂದ ಹೆಂಡತಿಯ ದನಿ ಕೇಳಿಸಿತು.

“ಮನೆಯವಳು ನಾನೇ ಯಜಮಾನ್ರೇ. ಹೊಸಬ, ಇನ್ನೂ ಕಲೀತಿದ್ದಾನೆ. ದಾರೀಲಿ ಹೋಗೋವಾಗ ಹೀಗೇ ಒಂದು ಕಣ್ಣಿಟ್ಟಿರಿ.”