ಮಡಿಯಲ್ಲಿದ್ದ ಉಸಿರು

ನಮ್ಮತ್ತೆಯ ವಿಷಯದಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಸ್ವರ್ಗಕ್ಕೆ ಹೋಗುವುದು ಖಂಡಿತ (ನಿಧಾನಕ್ಕೆ ಹೋಗಲಿ, ಅವಸರವೇನೂ ಇಲ್ಲ!), ಆದರೆ ಒಳಗೆ ಕಾಲಿಡುವುದು ಮಾತ್ರ ಅನುಮಾನ. ಬಾಗಿಲಲ್ಲೇ ನಿಂತು, ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, "ನೆಲ ಒರೆಸಿದ್ದು ಯಾರು? ಸ್ನಾನ ಮಾಡಿ ಒರೆಸಿದ್ರೋ, ಹಾಗೇನೋ?" ಎಂದು ದೇವತೆಗಳನ್ನೇ ವಿಚಾರಿಸಿಕೊಳ್ಳುತ್ತಾರೆ. ಉತ್ತರ ಸರಿಬೀಳದಿದ್ದರೆ ಒಂದು ಬಕೆಟ್ ನೀರು ಕೇಳುತ್ತಾರೆ.

ಮಡಿ ಎಂದರೆ ಅವರಿಗೆ ಅಷ್ಟು ಪ್ರಾಣ. ನನಗೋ, ಆ ಪದ ಕೇಳಿದರೇ ಮೈ ಪರಚಿಕೊಳ್ಳುವಂತಾಗುತ್ತದೆ. ಮದುವೆಯಾಗಿ ಬನಶಂಕರಿಯ ಈ ಮನೆಗೆ ಬಂದ ಹೊಸದರಲ್ಲಿ ನಾನು ಎಲ್ಲಿ ನಿಲ್ಲಬಹುದು, ಯಾವುದನ್ನು ಮುಟ್ಟಬಹುದು ಎಂಬುದೇ ಗೊತ್ತಾಗದೆ ಎಷ್ಟೋ ದಿನ ಸೋಫಾದ ಮೇಲೆ ಕಾಲು ಮಡಚಿ ಕುಳಿತಿರುತ್ತಿದ್ದೆ. ಬೆಳಗ್ಗೆ ಒದ್ದೆ ಸೀರೆಯಲ್ಲಿ ಅತ್ತೆ ಹಾದುಹೋಗುವಾಗ ನಾವೆಲ್ಲ ಗೋಡೆಗೆ ಅಂಟಿಕೊಳ್ಳಬೇಕು. ಹಾಲಿನ ಪ್ಯಾಕೆಟ್ಟಿಗೆ ಸ್ನಾನ, ತರಕಾರಿಗೆ ಸ್ನಾನ, ಮನೆಯ ಬೀಗದ ಕೈಗೂ ಸ್ನಾನ! ಅವರು ಇಳಿವಯಸ್ಸಿನಲ್ಲಿ ಫೋನಿನಿಂದ ದುಡ್ಡು ಕಳಿಸುವುದನ್ನು ಕಲಿತದ್ದು ಏಕೆ ಗೊತ್ತೇ? ಅಂಗಡಿಯವನು ಕೊಡುವ ನೋಟುಗಳನ್ನು ತೊಳೆಯಲು ಬರುವುದಿಲ್ಲ, ಅದಕ್ಕೆ. ಆ ಫೋನು ಕೂಡ ಸದಾ ಒಂದು ಪ್ಲಾಸ್ಟಿಕ್ ಚೀಲದೊಳಗೇ ಇರುತ್ತದೆ. ಅವರು ಮಾತಾಡಿದರೆ ಬಾವಿಯೊಳಗಿಂದ ಕೇಳಿಸುತ್ತದೆ.

ಇಂಥ ಮನೆಯಲ್ಲಿ ನಮ್ಮ ಪುಟ್ಟಿ ಹುಟ್ಟಿದಳು. ಎರಡು ವರ್ಷ ತುಂಬುವಷ್ಟರಲ್ಲಿ ಅವಳಿಗೆ ನೆಗಡಿ ಬಂದಾಗಲೆಲ್ಲ ಎದೆಯೊಳಗೆ ಸುಂಯ್ ಸುಂಯ್ ಎಂಬ ಸದ್ದು ಶುರುವಾಯಿತು. ಯಾರೋ ಹಳೆಯ ಹಾರ್ಮೋನಿಯಮ್ಮಿನ ತಿದಿ ಒತ್ತುತ್ತಿದ್ದಾರೇನೋ ಎನ್ನುವ ಹಾಗೆ. ಜಯನಗರದ ಮಕ್ಕಳ ಡಾಕ್ಟರ್ ಬಳಿ ಹೋದೆವು. ಆಕೆ ನಿಧಾನವಾಗಿ ಎಲ್ಲವನ್ನೂ ಕೇಳಿ, ಪರೀಕ್ಷಿಸಿ, ಇದನ್ನು ಆಸ್ತಮಾ ಎಂದೇ ತಿಳಿದು ನೋಡಿಕೊಳ್ಳೋಣ ಎಂದರು. ಎರಡು ಇನ್ಹೇಲರ್ ಕೊಟ್ಟರು. ಕಿತ್ತಳೆ ಬಣ್ಣದ್ದು ದಿನಾ ಬೆಳಗ್ಗೆ ಸಂಜೆ, ಮಗು ಚೆನ್ನಾಗಿದ್ದರೂ ಸರಿ. ನೀಲಿಯದು ಉಸಿರು ಕಟ್ಟಿದಾಗ ಮಾತ್ರ. ಎರಡನ್ನೂ ಸಿಕ್ಕಿಸಲು ಸ್ಪೇಸರ್ ಎಂಬ ಒಂದು ಪ್ಲಾಸ್ಟಿಕ್ ಕೊಳವೆ. ಅದರ ಒಂದು ತುದಿಗೆ ಮಗುವಿನ ಮೂಗು ಬಾಯಿ ಮುಚ್ಚುವ ಪುಟ್ಟ ಮಾಸ್ಕು.

ನಾನು ಅಳುವುದರಲ್ಲಿದ್ದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನನ್ನ ಗಂಡ, ಚೆನ್ನಾಗಿರುವ ಮಗುವಿಗೆ ದಿನಾ ಔಷಧಿ ಏಕೆ ಎಂದು ತರ್ಕ ತೆಗೆದರು. ಡಾಕ್ಟರ್ ಬಾಯಿ ತೆರೆಯುವ ಮೊದಲೇ ಅತ್ತೆ ಮಗನ ಕಡೆ ತಿರುಗಿದರು.

"ಲೋ, ದಿನಾ ದೀಪ ಹಚ್ಚದೇ ಇದ್ದು, ಕಷ್ಟ ಬಂದ ದಿನ ಮಾತ್ರ ದೇವರ ಮುಂದೆ ಹೋಗಿ ನಿಂತ್ಕೊಂಡ್ರೆ ಹೇಗೋ? ಕಿತ್ತಳೇದು ನಿತ್ಯಪೂಜೆ. ನೀಲೀದು ಹರಕೆ. ಸರೀನಾ ಡಾಕ್ಟ್ರೇ?"

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಅಜ್ಜಿ, ನಾನು ಇದನ್ನೇ ಇವತ್ತಿಂದ ಎಲ್ರಿಗೂ ಹೇಳ್ತೀನಿ" ಎಂದರು.

ಆಮೇಲೆ ಬಂತು ನೋಡಿ ನಿಜವಾದ ಪವಾಡ! ಡಾಕ್ಟರ್ ಒಂದೊಂದಾಗಿ ಹೇಳುತ್ತಾ ಹೋದರು: ಸ್ಪೇಸರನ್ನು ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ತೊಳೆಯಬೇಕು, ಬಟ್ಟೆಯಿಂದ ಒರೆಸಕೂಡದು, ತಾನಾಗಿ ಒಣಗಲು ಬಿಡಬೇಕು, ಮುಟ್ಟುವ ಮುಂಚೆ ಕೈ ತೊಳೆಯಬೇಕು, ಕಿತ್ತಳೆಯದನ್ನು ಕೊಟ್ಟ ಮೇಲೆ ಮಗುವಿನ ಬಾಯಿ ಮುಕ್ಕಳಿಸಿ ಮುಖ ತೊಳೆಯಬೇಕು, ಹಾಸಿಗೆ ದಿಂಬಿನ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಒಂದೊಂದು ಮಾತಿಗೂ ಅತ್ತೆಯ ಮುಖ ಅರಳುತ್ತಿತ್ತು. ಅಷ್ಟು ವರ್ಷ ಮನೆಮಂದಿಯೆಲ್ಲ ಆಡಿಕೊಂಡ ಮಡಿಯನ್ನು ಒಬ್ಬರು ಎಂ.ಡಿ. ಮಾಡಿದ ಡಾಕ್ಟರು ಚೀಟಿಯಲ್ಲಿ ಬರೆದುಕೊಡುತ್ತಿದ್ದಾರೆ! ಅತ್ತೆ ನನ್ನ ಕಡೆ ಒಂದೇ ಒಂದು ನೋಟ ಬೀರಿದರು. ಆ ನೋಟಕ್ಕೆ ನಾನು ಇವತ್ತಿಗೂ ಉತ್ತರ ಹುಡುಕುತ್ತಿದ್ದೇನೆ.

ಆದರೆ ಕೊನೆಯಲ್ಲಿ ಡಾಕ್ಟರ್ ಹೇಳಿದರು: "ಮನೇಲಿ ಹೊಗೆ ಬೇಡ. ಊದಿನಕಡ್ಡಿ, ಸಾಂಬ್ರಾಣಿ, ಕರ್ಪೂರ ಯಾವುದೂ."

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಸಾಂಬ್ರಾಣಿ ಇಲ್ಲದೆ ಅತ್ತೆಯ ಪೂಜೆಯೇ? ಸಂಜೆ ನಮ್ಮ ಮನೆಯಲ್ಲಿ ಪರಸ್ಪರ ಮುಖ ಕಾಣದಷ್ಟು ಹೊಗೆ ಇರುತ್ತಿತ್ತು. ಅತ್ತೆ "ತುಪ್ಪದ ದೀಪ?" ಎಂದು ಕೇಳಿದರು. ಒಂದು ಚಿಕ್ಕದು ಪರವಾಗಿಲ್ಲ ಎಂದರು ಡಾಕ್ಟರ್. ಅತ್ತೆ ಎದ್ದು ನಿಂತರು. ಮಾರನೆಯ ದಿನ ಪೂಜೆಯಲ್ಲಿ ಧೂಪದ ಸರದಿ ಬಂದಾಗ "ಧೂಪಾರ್ಥೇ ಅಕ್ಷತಾನ್ ಸಮರ್ಪಯಾಮಿ" ಎಂದು ದೇವರ ಮೇಲೆ ನಾಲ್ಕು ಅಕ್ಷತೆ ಕಾಳು ಹಾಕಿದರು, ಅಷ್ಟೇ. ಇಲ್ಲದ ವಸ್ತುವಿನ ಬದಲಿಗೆ ಅಕ್ಷತೆ ಹಾಕಬಹುದೆಂದು ಶಾಸ್ತ್ರದಲ್ಲೇ ಇದೆಯಂತೆ. ಜಗಳಕ್ಕೆ ತಯಾರಾಗಿ ನಿಂತಿದ್ದ ನನಗೆ ಒಂಥರಾ ನಿರಾಸೆಯೇ ಆಯಿತು!

ಇನ್ನು ಮಾಸ್ಕಿನ ಕಥೆ. ಅದನ್ನು ಕಂಡರೆ ಪುಟ್ಟಿ ಮಂಚದ ಕೆಳಗೆ ನುಗ್ಗುತ್ತಿದ್ದಳು. ನಾನು ಹಾಡಿದೆ, ಮೊಬೈಲ್ ತೋರಿಸಿದೆ, ಲಂಚ ಕೊಟ್ಟೆ. ಅವರಪ್ಪ ಗಾಳಿಯ ಒತ್ತಡದ ಬಗ್ಗೆ ವಿವರಿಸಿದರು. ಅತ್ತೆ ಬಂದು ನೆಲದ ಮೇಲೆ ಕೂತು, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮಾಸ್ಕು ಇಟ್ಟು ಇನ್ಹೇಲರನ್ನು ಒಂದು ಸಲ ಒತ್ತಿ, ಒಂದೊಂದು ಉಸಿರಿಗೂ ಒಂದೊಂದು ಹೆಸರು ಹೇಳಿದರು. ಕೇಶವ, ನಾರಾಯಣ, ಮಾಧವ, ಗೋವಿಂದ... ಹೃಷೀಕೇಶ ಎಂದ ಕೂಡಲೇ ಮಾಸ್ಕು ಕೆಳಗೆ. ಮಗುವಿಗೆ ಅದು ಯಾವಾಗ ಮುಗಿಯುತ್ತದೆ ಎಂದು ಗೊತ್ತಾದದ್ದೇ ತಡ, ಅಳು ನಿಂತಿತು. ವಾರ ಕಳೆಯುವಷ್ಟರಲ್ಲಿ ಪುಟ್ಟಿಯೇ "ಉಸು ಕೊಡು" ಎಂದು ಬರತೊಡಗಿದಳು. ಅವಳ ಭಾಷೆಯಲ್ಲಿ ಅದು 'ಉಸು'. ಮುಗಿದ ಮೇಲೆ ಬಾಯಿ ಮುಕ್ಕಳಿಸುವುದು ಬೇರೆ. ಅರ್ಧ ನುಂಗಿ, ಅರ್ಧವನ್ನು ಅಜ್ಜಿಯ ಮಡಿ ಸೀರೆಯ ಮೇಲೆ ಉಗಿದು, ಚಪ್ಪಾಳೆ ತಟ್ಟುತ್ತಿದ್ದಳು. ಅತ್ತೆ ಎದ್ದು ಹೋಗಿ ಮತ್ತೆ ಸ್ನಾನ ಮಾಡಿ ಬರುತ್ತಿದ್ದರು, ಬೆಳಗ್ಗೆಯೂ, ಸಂಜೆಯೂ. ಒಂದು ದಿನವೂ ಗೊಣಗಲಿಲ್ಲ.

ಮುಂದಿನ ಸಲ ಡಾಕ್ಟರ್, "ಎಷ್ಟು ಉಸಿರು ತಗೊಳ್ತಾಳೆ?" ಎಂದು ಕೇಳಿದರು.

"ಕೇಶವನಿಂದ ಹೃಷೀಕೇಶನವರೆಗೆ."

ಡಾಕ್ಟರ್ ಬೆರಳು ಮಡಚಿ ಲೆಕ್ಕ ಹಾಕಿ, "ಧಾರಾಳ ಆಯ್ತು ಅಜ್ಜಿ" ಎಂದರು.

ಮನೆ ಗೆದ್ದ ಮೇಲೆ ಅತ್ತೆ ಬೀದಿಗಿಳಿದರು. ಮೂಲೆಯ ಹೊಂಗೆ ಮರದ ಕೆಳಗೆ ಎದುರುಮನೆಯ ರಿಟೈರ್ಡ್ ಅಂಕಲ್ ಒಣಗಿದೆಲೆ ಗುಡ್ಡೆ ಮಾಡಿ ಬೆಂಕಿ ಹಚ್ಚುವ ಅಭ್ಯಾಸ. ಒಂದು ಬೆಳಗ್ಗೆ ಅತ್ತೆ ಒದ್ದೆ ಸೀರೆಯಲ್ಲೇ, ತಾಮ್ರದ ಕೊಡ ಹೊತ್ತು ಹೋಗಿ, ಆ ಬೆಂಕಿಗೆ ಅಭಿಷೇಕ ಮಾಡಿ ಬಂದರು!

"ಏನಮ್ಮಾ ಇದು! ಬೀದಿ ಕ್ಲೀನ್ ಮಾಡ್ತಿದ್ದೆ ನಾನು!" ಎಂದರು ಅಂಕಲ್.

"ನೀವು ಬೀದಿ ಗುಡಿಸಿ ನನ್ನ ಮೊಮ್ಮಗಳ ಎದೆಗೆ ತುಂಬ್ತಿದ್ದೀರ ಸಾರ್. ನಾಳೆಯೂ ಹಚ್ಚಿ. ನಮ್ಮನೇಲಿ ಸಂಪು ತುಂಬಿದೆ."

ಅರೆಕೆರೆಯಲ್ಲಿ ನಮ್ಮ ನೆಂಟರ ಫ್ಲ್ಯಾಟಿನ ಗೃಹಪ್ರವೇಶ. ಹೋಮ ಶುರುವಾಗುವ ಮೊದಲೇ ಅತ್ತೆ ಕಿಟಕಿಗಳನ್ನೆಲ್ಲ ತೆರೆದು, ಪುರೋಹಿತರ ಎದುರು ನಿಂತು, ಸಮಿತ್ತು ಒಣಗಿದೆಯೇ ಎಂದು ಮುರಿದು ನೋಡಿದರು. ಪುರೋಹಿತರಿಗೆ ರೇಗಿತು.

"ಅಮ್ಮಾ, ಅಗ್ನಿಸಾಕ್ಷಿ ಬೇಕಲ್ವಾ?"

"ಅಗ್ನಿ ಇರ್ಲಿ ಸ್ವಾಮೀ. ಹೊಗೆ ಸಾಕ್ಷಿ ಯಾಕೆ?"

ಹಾಗೆ ಹೇಳಿ ಪುಟ್ಟಿಯನ್ನು ಎತ್ತಿಕೊಂಡು ಹೊರಗೆ ಹೋದರು. ಪೂರ್ಣಾಹುತಿ ಮುಗಿದು ಮನೆಯೆಲ್ಲ ತಿಳಿಯಾಗುವವರೆಗೂ ಮೆಟ್ಟಿಲ ಮೇಲೆ ಕುಳಿತು, ಯಾರ‍್ಯಾರೋ ತುಳಿದ ಆ ಮೆಟ್ಟಿಲ ಮೇಲೆಯೇ, ಮಗುವಿಗೆ ಹೋಳಿಗೆ ತಿನ್ನಿಸಿದರು. ಅವರನ್ನು ಬಲ್ಲ ನೆಂಟರು ಒಬ್ಬೊಬ್ಬರಾಗಿ ಬಂದು ಆ ದೃಶ್ಯವನ್ನು ನೋಡಿಕೊಂಡು ಹೋದರು.

ಇಷ್ಟೆಲ್ಲ ಸರಿ. ಆದರೆ ಮಡಿ ಮಡಿಯೇ ತಾನೆ? ಸ್ಪೇಸರ್ ಅತ್ತೆಯ ಕೈಗೆ ಬಂದ ದಿನದಿಂದ ಅದೂ ಮಡಿ ವಸ್ತುವಾಗಿತ್ತು. ಹಿತ್ತಲ ಕಡೆಯ ಪಡಸಾಲೆಯಲ್ಲಿ, ಸೂರಿಗೆ ತೂಗುಬಿಟ್ಟ ಉದ್ದನೆಯ ಬಿದಿರು ಗಳುವಿನ ಮೇಲೆ ಅವರ ಮಡಿ ಬಟ್ಟೆ ಒಣಗುತ್ತದೆ. ಕೋಲಿನಿಂದ ಏರಿಸಬೇಕು, ಕೋಲಿನಿಂದಲೇ ಇಳಿಸಬೇಕು. ವಾರಕ್ಕೊಮ್ಮೆ ತೊಳೆದ ಸ್ಪೇಸರ್ ಕೂಡ ದಾರ ಕಟ್ಟಿಸಿಕೊಂಡು ಆ ಗಳುವಿನಲ್ಲೇ ತೂಗುತ್ತಿತ್ತು. ಸ್ನಾನ ಮಾಡದವರು ಮುಟ್ಟುವಂತಿಲ್ಲ. ನನ್ನ ಗಂಡ ಆ ಗಳುವಿನ ಕೆಳಗೇ ಬೆಳೆದವರು. ಚಿಕ್ಕವರಿದ್ದಾಗ ಅದನ್ನು ಮುಟ್ಟಿ ತಿಂದ ಏಟುಗಳು ಭೌತಶಾಸ್ತ್ರಕ್ಕಿಂತ ಆಳದಲ್ಲಿ ಕುಳಿತಿವೆ.

ಆ ಮಧ್ಯಾಹ್ನ ನಾನು ಜೆ.ಪಿ. ನಗರದ ನಮ್ಮ ಬ್ಯಾಂಕಿನಲ್ಲಿದ್ದೆ. ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ರಜೆಯಲ್ಲಿದ್ದ ನನ್ನ ಗಂಡ ಮಗುವಿನ ಜೊತೆ ಮನೆಯಲ್ಲಿದ್ದರು. ಪಕ್ಕದ ಮನೆಗೆ ಬಣ್ಣ ಹೊಡೆಯುತ್ತಿದ್ದರಂತೆ. ಆಟವಾಡುತ್ತಿದ್ದ ಪುಟ್ಟಿ ಕೆಮ್ಮಲು ಶುರು ಮಾಡಿದಳು, ಕೆಮ್ಮು ನಿಲ್ಲಲಿಲ್ಲ, ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಎಳೆಯತೊಡಗಿತು. "ಅಪ್ಪ" ಎಂಬುದನ್ನೂ ಪೂರ್ತಿ ಹೇಳಲು ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

ನೀಲಿ ಇನ್ಹೇಲರ್ ಕೈಗೆ ಸಿಕ್ಕಿತು. ಸ್ಪೇಸರ್ ಮಾತ್ರ, ಅವತ್ತೇ ತೊಳೆದದ್ದು, ಗಳುವಿನ ಮೇಲೆ. ನನ್ನ ಗಂಡ ಓಡಿಹೋಗಿ ಕೈ ಚಾಚಿದರು, ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡರು. ಮಡಿಯಲ್ಲಿದೆ! ಆಮೇಲೆ ಮಾಡಿದ್ದನ್ನು ಕೇಳಿ: ಬಚ್ಚಲಿಗೆ ನುಗ್ಗಿ, ತೊಟ್ಟ ಬಟ್ಟೆಯ ಮೇಲೆಯೇ ಒಂದು ಚೊಂಬು ತಣ್ಣೀರು ಸುರಿದುಕೊಂಡು, ತೊಟ್ಟಿಕ್ಕುತ್ತಾ ಬಂದು, ಕೋಲಿನಿಂದ ಸ್ಪೇಸರ್ ಇಳಿಸಿದರು. ಸಾವಿರಾರು ವಿದ್ಯಾರ್ಥಿಗಳಿಗೆ ಪಾಠ ಹೇಳಿದ ಮೇಷ್ಟ್ರು! ಬೇರೆ ಯಾವ ದಿನವಾದರೂ ಬಿದ್ದು ಬಿದ್ದು ನಗುತ್ತಿದ್ದೆ.

ಅವರ ಫೋನು ಬಂದು ನಾನು ಆಟೋದಲ್ಲಿ ಮನೆ ಸೇರಿದಾಗ, ಅತ್ತೆಯೂ ಆಗಷ್ಟೇ ಗೇಟು ತೆಗೆಯುತ್ತಿದ್ದರು. ಒಳಗೆ ನೆಲದ ಮೇಲೆ ನೀರಿನ ಮಡುವಿನಲ್ಲಿ ನನ್ನ ಗಂಡ ಕುಳಿತಿದ್ದರು, ತೊಡೆಯ ಮೇಲೆ ಪುಟ್ಟಿ. ಮಾಸ್ಕು ಹಿಡಿದುಕೊಂಡು, ಮತ್ತೊಂದು ಸುತ್ತು "ತ್ರಿವಿಕ್ರಮ, ವಾಮನ, ಶ್ರೀಧರ..." ಎನ್ನುತ್ತಿದ್ದರು. ಮಗುವಿನ ಉಸಿರು ನಿಧಾನಕ್ಕೆ ಹದಕ್ಕೆ ಬರುತ್ತಿತ್ತು.

"ಯಾಕೋ ನೆಂದಿದ್ದೀಯ?" ಎಂದು ಅತ್ತೆ ಬಾಗಿಲಿನಿಂದಲೇ ಕೇಳಿದರು.

"ಮಡೀಲಿತ್ತಲ್ಲಮ್ಮ... ಅದಕ್ಕೆ ಒಂದು ಚೊಂಬು ಹಾಕ್ಕೊಂಡೆ."

ಅತ್ತೆ ಬೀದಿಯ ಸೀರೆಯಲ್ಲಿ, ಕಾಲಲ್ಲಿ ಚಪ್ಪಲಿ ಹಾಗೇ ಇದ್ದಂತೆ, ನಡುಮನೆ ದಾಟಿ ಬಂದು ಮಗುವನ್ನು ಎತ್ತಿಕೊಂಡರು. ಚಪ್ಪಲಿಯಲ್ಲಿ! ಆ ನೆಲದ ಮೇಲೆ! ಮಗುವಿನ ಚಿಂತೆಯ ನಡುವೆಯೂ ನನ್ನ ಕಣ್ಣು ಅವರ ಕಾಲಿನ ಮೇಲೆಯೇ ಇತ್ತು. ಅದೇ ಆಟೋದಲ್ಲಿ ಡಾಕ್ಟರ್ ಬಳಿ ಹೋದೆವು. ಹೊತ್ತಿಗೆ ಸರಿಯಾಗಿ ಕೊಟ್ಟಿದ್ದೀರಿ, ಭಯವಿಲ್ಲ ಎಂದರು ಅವರು.

ಮನೆಗೆ ಬಂದ ಮೇಲೆ ಅತ್ತೆ ಮಗನಿಗೆ ಹೇಳಿ ಆ ಬಿದಿರು ಗಳುವನ್ನೇ ಬಿಚ್ಚಿಸಿದರು. ನಾನು ಬೇಡ ಎನ್ನಲು ಹೋದೆ.

"ಅವನು ನನ್ನ ಮಡಿಗೆ ಹೆದರಿ ನೀರು ಹುಯ್ಕೊಳ್ತಿದ್ದ ಕಣೇ. ಆ ಹೊತ್ತಲ್ಲಿ ಮಗು ಉಸಿರಿಗೆ ಒದ್ದಾಡ್ತಿತ್ತು. ಅವನಿಗೆ ಆ ಹೆದರಿಕೆ ಕಲಿಸಿದ್ದು ಯಾರು, ನಾನೇ ಅಲ್ವಾ?" ಎಂದರು.

ಅಂದಿನಿಂದ ಸ್ಪೇಸರ್ ಮತ್ತು ನೀಲಿ ಇನ್ಹೇಲರ್ ಬೀದಿ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ ಚೀಲದಲ್ಲಿವೆ. ಕೆಳಗೆ ಚಪ್ಪಲಿ ಸ್ಟ್ಯಾಂಡು! ತೊಳೆದ ದಿನಕ್ಕೆಂದು ಇನ್ನೊಂದು ಸ್ಪೇಸರ್ ತರಿಸಿದ್ದಾರೆ. ಕೆಲಸದಾಕೆಗೆ, ಮಹಡಿಯ ಬಾಡಿಗೆಯವರಿಗೆ, ಕೊನೆಗೆ ಎಲೆ ಸುಡುವ ಅಂಕಲ್‌ಗೂ ಕೇಶವನಿಂದ ಹೃಷೀಕೇಶನವರೆಗೆ ಕಲಿಸಿದ್ದಾರೆ. "ಕೈ ತೊಳ್ಕೊಂಡ್ರೆ ಸಾಕು. ಅವಸರ ಇದ್ರೆ ಅದೂ ಬೇಡ, ಮೊದಲು ಮಗು" ಎಂದು ಅವರು ಹೇಳುವುದನ್ನು ಕೇಳುವಾಗ, ಈ ವಯಸ್ಸಿನಲ್ಲಿ ತನ್ನನ್ನು ಹೀಗೆ ತಿರುಗಿಸಿಕೊಳ್ಳುವ ಶಕ್ತಿ ಯಾರಿಗಿದೆ ಎಂದು ನನಗೆ ಬೆರಗಾಗುತ್ತದೆ. ನನಗಂತೂ ಇಲ್ಲ.

ದೇವರ ಮನೆ ಮಾತ್ರ ಹಾಗೆಯೇ ಉಳಿದಿತ್ತು. ಅಲ್ಲಿ ಮಡಿ ಪೂರ್ತಿ ಮಡಿ.

ಮೊನ್ನೆ ಬೆಳಗ್ಗೆ ಅತ್ತೆ ಒದ್ದೆ ಸೀರೆಯಲ್ಲಿ ಪೂಜೆಗೆ ಕುಳಿತಿದ್ದರು. ಪುಟ್ಟಿಗೆ ಇನ್ನೂ ಸ್ನಾನವಾಗಿರಲಿಲ್ಲ. ಮೂಗು ಸುರಿಯುತ್ತಿತ್ತು, ಕೈತುಂಬ ದೋಸೆಯ ಬೆಣ್ಣೆ. ನಾನು ಹಿಡಿಯುವಷ್ಟರಲ್ಲಿ ಸ್ಪೇಸರ್ ಎತ್ತಿಕೊಂಡು ದೇವರ ಮನೆಗೆ ನುಗ್ಗಿ, ಆಗಷ್ಟೇ ಅಭಿಷೇಕ ಮುಗಿದಿದ್ದ ಹಿತ್ತಾಳೆಯ ಕೃಷ್ಣನನ್ನು ಎಡಗೈಯಲ್ಲಿ ಅವುಚಿಕೊಂಡು, ಅವನ ಮುಖಕ್ಕೆ ಮಾಸ್ಕು ಒತ್ತಿಬಿಟ್ಟಳು!

"ಕಿಟ್ಟಂಗೆ ಉಸು. ಅಳ್ಬಾರ್ದು ಕಿಟ್ಟ."

ನಾನು ಬಾಗಿಲಲ್ಲಿ ಕಲ್ಲಾಗಿ ನಿಂತೆ. ಅತ್ತೆಯ ಕೈ ಮೇಲೆದ್ದದ್ದು ಕಂಡಿತು. ಆ ಕೈ ನಿಧಾನವಾಗಿ ಇಳಿದು ಮಗುವಿನ ಬೆನ್ನಿನ ಮೇಲೆ ಕುಳಿತಿತು.

"ಕೇಶವ" ಎಂದರು ಅತ್ತೆ.

"ನಾಲಾಯಣ" ಎಂದಳು ಪುಟ್ಟಿ.

ಇಬ್ಬರೂ ಸೇರಿ ಒಂದೊಂದು ಹೆಸರಿಗೂ ಕೃಷ್ಣನಿಗೆ ಉಸಿರಾಡಲು ಸಮಯ ಕೊಟ್ಟು, ಹೃಷೀಕೇಶನವರೆಗೂ ಹೇಳಿದರು. ಅತ್ತೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಪುಟ್ಟಿ ಮಾಸ್ಕು ತೆಗೆದು ಅಜ್ಜಿಯ ಮುಖ ನೋಡಿದಳು.

"ಅಜ್ಜೀ, ಬಾಯಿ ಮುಕ್ಕಳ್ಸು."

ಅತ್ತೆ ಪಂಚಪಾತ್ರೆಯಿಂದ ಒಂದು ಉದ್ಧರಣೆ ನೀರು ತೆಗೆದರು. ಬೆಣ್ಣೆ ಮೆತ್ತಿದ ಆ ಪುಟ್ಟ ಕೈಯನ್ನು ತಮ್ಮ ಕೈಯೊಳಗೆ ಹಿಡಿದುಕೊಂಡು, ಇಬ್ಬರ ಕೈಯಿಂದಲೂ ಸೇರಿಸಿ ಕೃಷ್ಣನ ಬಾಯಿಯ ಬಳಿ ಬಿಟ್ಟರು.

"ಆಚಮನೀಯಂ ಸಮರ್ಪಯಾಮಿ."