ಓದಿ ಸಹಿ ಮಾಡತಕ್ಕದ್ದು

ಹೆಂಡತಿ: ಸಹಿ ಹಾಕಿ ಕನ್ನಡಕ ತಗೊಂಡ್ಹೋಗಿ ಅಂತಿದಾರೆ. ಅದಕ್ಕೂ ಜಗಳವೇನ್ರೀ?

ಯಜಮಾನರು: ಓದದೆ ನಾನು ಸಹಿ ಹಾಕೋನಲ್ಲ. ಓದೋಕೆ ಕನ್ನಡಕ ಬೇಕು. ಕನ್ನಡಕ ಆ ಪೊಟ್ಟಣದಲ್ಲಿದೆ. ಇದರಲ್ಲಿ ಜಗಳ ಎಲ್ಲಿ ಬಂತು?

ಗುಮಾಸ್ತ: ಸಹಿ ಇಲ್ಲದೆ ಪೊಟ್ಟಣ ಕೊಡೋ ಹಾಗಿಲ್ಲ, ಸ್ವಾಮಿ.

ದಾಖಲೆಗಳ ಕಚೇರಿಯಲ್ಲಿ ಮೂವತ್ತಾರು ವರ್ಷ ನಾಲ್ಕು ತಿಂಗಳು ಸೇವೆ ಸಲ್ಲಿಸಿ ನಿವೃತ್ತರಾದ ಯಜಮಾನರು ಅಂಚೆ ಕಚೇರಿಯ ಕೌಂಟರಿನ ಮುಂದೆ ಕಂಬದಂತೆ ನಿಂತಿದ್ದರು. ಹಳೆಯ ಕನ್ನಡಕವನ್ನು ಹುಡುಕುತ್ತಾ ಅದರ ಮೇಲೆಯೇ ಕುಳಿತು ಅಂದಿಗೆ ಹತ್ತೊಂಬತ್ತು ದಿನ. ಕಾಡಂಚಿನ ತಮ್ಮ ಪುಟ್ಟ ಮನೆಯಿಂದ ಬೆಳಗಿನ ಬಸ್ಸಿಗೆ ಬಂದು, ದಂಪತಿಗಳು ಊರೆಲ್ಲ ಸುತ್ತಿ ಹಗ್ಗ, ದೀಪದ ಬತ್ತಿಗಳನ್ನು ಕೊಂಡಾಗಿತ್ತು; ಚಿಲಕವೆಂದು ಯಜಮಾನರು ಆರಿಸಿದ್ದು ಬೀರುವಿನ ಹಿಡಿಯೆಂದು ಬೀದಿಗೆ ಬಂದ ಮೇಲೆ ತಿಳಿದಿತ್ತು. ಹಿಂದಿರುಗಲು ಇದ್ದುದು ಒಂದೇ ಬಸ್ಸು. ಅದಕ್ಕೆ ಇನ್ನು ಹದಿನೆಂಟು ನಿಮಿಷ.

ಹೆಂಡತಿ: ಕೊಡಿ ಇಲ್ಲಿ ಆ ನಮೂನೆ, ನಾನು ಓದಿ ಹೇಳ್ತೀನಿ.

ಯಜಮಾನರು: ಕೊನೇ ಸಾಲು ಓದು ಮೊದಲು.

ಹೆಂಡತಿ: ‘ಮೇಲಿನ ಹನ್ನೊಂದು ನಿಯಮಗಳನ್ನು ನಾನೇ ಸ್ವತಃ ಓದಿರುತ್ತೇನೆ.’

ಯಜಮಾನರು: ನೋಡಿದೆಯಾ? ನೀನು ಓದಿ, ನಾನು ಓದಿದೆ ಅಂತ ಬರೆದುಕೊಟ್ಟರೆ ಅದು ಸುಳ್ಳು ದಾಖಲೆ.

ಗುಮಾಸ್ತ: ಸ್ವಾಮಿ, ಅದನ್ನ ಇದುವರೆಗೂ ಯಾರೂ ಓದಿಲ್ಲ. ನಾನೂ ಓದಿಲ್ಲ.

ಯಜಮಾನರು: ಎಷ್ಟು ಹೆಮ್ಮೆಯಿಂದ ಹೇಳ್ತೀರಪ್ಪ!

ಗುಮಾಸ್ತ ಮುದ್ರೆ ಹುಡುಕಲು ಬಗ್ಗಿದ್ದೇ ತಡ, ಹೆಂಡತಿ ಪೊಟ್ಟಣವನ್ನು ಸರ್ರನೆ ಸೆಳೆದು, ಹರಿದು, ಕನ್ನಡಕವನ್ನು ಗಂಡನ ಮೂಗಿಗೆ ಏರಿಸಿಬಿಟ್ಟಳು. ಲೋಕ ಒಮ್ಮೆಲೇ ಸ್ಪಷ್ಟವಾಯಿತು. ಅವರು ತೃಪ್ತಿಯಿಂದ ಹನ್ನೊಂದು ನಿಯಮಗಳನ್ನೂ, ಅಲ್ಪವಿರಾಮ ಸಹಿತ, ಓದಿದರು. ಆರನೆಯದಕ್ಕೆ ಹಿಂದಿರುಗಿದರು. ಮುಖ ಕಪ್ಪಿಟ್ಟಿತು.

ಹೆಂಡತಿ: ಓದಿದ್ದಾಯ್ತಲ್ಲ. ಹಾಕಿ ಸಹಿ.

ಯಜಮಾನರು: ‘ಸಹಿಗೆ ಮುನ್ನ ಪೊಟ್ಟಣವನ್ನು ತೆರೆಯತಕ್ಕದ್ದಲ್ಲ.’ ನಾವು ತೆರೆದಿದ್ದೇವೆ.

ಗುಮಾಸ್ತ: ನಾನು ನೋಡಿಲ್ಲ, ಬಿಡಿ ಸ್ವಾಮಿ.

ಯಜಮಾನರು: ನಾನು ನೋಡಿದ್ದೇನೆ. ಅದೂ ಚೆನ್ನಾಗಿ, ಹೊಸ ಕನ್ನಡಕದಲ್ಲಿ!

ಅವರು ಕನ್ನಡಕವನ್ನು ಕಳಚಿ, ಪೆಟ್ಟಿಗೆಯಲ್ಲಿಟ್ಟು, ಹರಿದ ಕಾಗದವನ್ನು ಸುತ್ತಿ, ಕೊಂಡಿದ್ದ ಹಗ್ಗದ ತುದಿಯಿಂದಲೇ ಬಿಗಿದು ಗುಮಾಸ್ತನ ಕೈಗೆ ಒಪ್ಪಿಸಿದರು. ಆತ ಅದನ್ನು ಪಕ್ಕಕ್ಕಿಟ್ಟು, ನಮೂನೆಗೆ ಮುದ್ರೆ ಒತ್ತಿ, ಮತ್ತೆ ಮುಂದಕ್ಕೆ ತಳ್ಳಿದ.

ಗುಮಾಸ್ತ: ಈಗ ನಿಯಮ ಓದಿದ್ದೀರಿ, ಪೊಟ್ಟಣ ಕಟ್ಟಿದ್ದೀರಿ. ಎಲ್ಲಾ ಸರಿ ಹೋಯ್ತು. ಇಲ್ಲಿ ಸಹಿ.

ಹೆಂಡತಿ: ಇನ್ನು ಆರೇ ನಿಮಿಷ. ನಿಮ್ಮ ಕಾಲಿಗೆ ಬೀಳ್ತೀನಿ, ಹಾಕ್ರೀ!

ಯಜಮಾನರು ಲೇಖನಿ ಎತ್ತಿದರು. ಕಾಗದವನ್ನು ಮೂಗಿನ ಹತ್ತಿರ ತಂದರು, ತೋಳುದ್ದ ದೂರ ಹಿಡಿದರು. ಲೇಖನಿ ಕೆಳಗಿಟ್ಟರು.

ಯಜಮಾನರು: ನಾನು ಓದಿದ ಕಾಗದ ಇದೇ ಅನ್ನೋದಕ್ಕೆ ಏನು ಆಧಾರ?

ಹೆಂಡತಿ ಚೀಲ ಹೆಗಲಿಗೇರಿಸಿ ಬಾಗಿಲತ್ತ ನಡೆದಳು.

ಹೆಂಡತಿ: ಯಾರೂ ಬಿಡಿಸಿಕೊಳ್ಳದ ಸಾಮಾನು ಎಷ್ಟು ದಿನ ಇಟ್ಕೋತೀರಪ್ಪ?

ಗುಮಾಸ್ತ: ಏಳು ದಿನ, ಅಮ್ಮ.

ಹೆಂಡತಿ: ಹಾಗಾದ್ರೆ ಇವರನ್ನೂ ಇಟ್ಕೊಂಡಿರಿ. ಮುಂದಿನ ವಾರ ಬಂದು ಬಿಡಿಸ್ಕೋತೀನಿ.

ಗುಮಾಸ್ತ: ಯಾರನ್ನಮ್ಮ? ಕನ್ನಡಕಾನೋ, ಯಜಮಾನರನ್ನೋ?

ಹೆಂಡತಿ: ಯಾವುದನ್ನ ಓದದೆ ಸಹಿ ಹಾಕಿ ಒಯ್ಯಬಹುದೋ, ಅದನ್ನ!