ಎಲ್ಲ ರಸ್ತೆಗೂ ಒಂದೇ ಟಯರು

ಮದುವೆಮನೆಯಲ್ಲಿ ಉಳಿದವರೆಲ್ಲ ಮದುಮಗನ ಮುಖ ನೋಡಿದರೆ, ನಮ್ಮ ಭಾವನವರು ಮದುಮಗ ಬಂದ ಕಾರಿನ ಟಯರು ನೋಡುತ್ತಿದ್ದರು! ಸುಳ್ಳೆಂದು ನಿಮಗೆ ಅನ್ನಿಸಬಹುದು. ನಾನು ಪಕ್ಕದಲ್ಲೇ ನಿಂತು ಕಂಡದ್ದನ್ನು ಹೇಳುತ್ತಿದ್ದೇನೆ. ದಿಬ್ಬಣ ಬಂದು, ವಾಲಗ ಜೋರಾಗಿ, ಎಲ್ಲರೂ ಚಪ್ಪರದ ಬಾಗಿಲಿಗೆ ನುಗ್ಗುವ ಹೊತ್ತಿಗೆ ಭಾವ ಮೆಲ್ಲಗೆ ಕಾರಿನ ಹಿಂದಕ್ಕೆ ಹೋಗುತ್ತಿದ್ದರು. ಪಂಚೆ ಎತ್ತಿ ಕುಕ್ಕುರುಗಾಲಿನಲ್ಲಿ ಕೂತು, ಟಯರಿನ ಸಂದಿಗೆ ಹೆಬ್ಬೆರಳಿನ ಉಗುರು ಇಳಿಸಿ ಆಳ ನೋಡಿ, ಎದ್ದು ಬಂದು ನನ್ನ ಕಿವಿಯಲ್ಲಿ ತೀರ್ಪು ಕೊಡುತ್ತಿದ್ದರು.

"ಮುಂದಿನದು ಎರಡೂ ಹೊಸತು ಭಾವ, ಹಿಂದಿನದು ಬೋಳು. ಎದುರಿಗೆ ಮಾತ್ರ ಚಂದ ಇರುವ ಜನ. ಹುಡುಗಿ ಸ್ವಲ್ಪ ಜಾಗ್ರತೆ ಇರ್ಬೇಕು."

ಕೆಲವು ವರ್ಷಗಳ ಮೇಲೆ, ಆ ದಂಪತಿ ಬಹಳ ಸುಖವಾಗಿದ್ದಾರೆಂದು ನಾನು ತಿಳಿಸಿದಾಗ ಅವರು ಸ್ವಲ್ಪವೂ ಅಳುಕಲಿಲ್ಲ. "ಹಾಗಾದ್ರೆ ಟಯರು ಬದಲಿಸಿರ್ಬೇಕು," ಎಂದರು.

ಅಕ್ಕನ ಗಂಡ ನನಗೆ ಭಾವ; ಹೆಂಡತಿಯ ತಮ್ಮನಾದ ನಾನು ಅವರಿಗೂ ಭಾವ. ನಮ್ಮ ಕಡೆ ಹಾಗೆಯೇ. ಓದುವವರಿಗೆ ಗೊಂದಲವಾಗಬಾರದೆಂದು ಹೇಳಿಬಿಡುತ್ತೇನೆ: ಟಯರಿನ ಮಾತಾಡುವ ಭಾವ ಅವರು, ತಲೆಯಾಡಿಸುವ ಭಾವ ನಾನು.

ಪುಂಜಾಲಕಟ್ಟೆಯ ಹತ್ತಿರ ಅವರ ಮನೆ. ಮದುವೆ ಮುಂಜಿಗಳಿಗೆ ಅಡುಗೆಯ ಪಾತ್ರೆಗಳನ್ನು ಬಾಡಿಗೆಗೆ ಕೊಡುವುದು ಅವರ ವ್ಯವಹಾರ. ಅದಕ್ಕಾಗಿ ಎಂಬತ್ತರ ದಶಕದ ಆರಂಭದಲ್ಲಿ ಒಂದು ಹಳೆಯ ಪಿಕಪ್ ಕೊಂಡಿದ್ದರು. ಎದುರಿನಿಂದ ಜೀಪು, ಹಿಂದೆ ತೆರೆದ ತೊಟ್ಟಿ. ಆ ತೊಟ್ಟಿಯಲ್ಲಿ ಕೊಪ್ಪರಿಗೆ, ಬಾಲ್ದಿ, ಸೌಟು, ಹಂಡೆಗಳನ್ನು ಹೇರಿಕೊಂಡು ಒಂದು ದಿನ ಮೂಡುಬಿದಿರೆ, ಮರುದಿನ ಬೆಳ್ತಂಗಡಿಯಿಂದಾಚೆ ಘಟ್ಟದ ಬುಡ, ಇನ್ನೊಂದು ದಿನ ಮೆಲ್ಕಾರ್. ಮುಂದಿನ ಸೀಟಿನಲ್ಲಿ ಯಾವಾಗಲೂ ಅಕ್ಕ. ಯಾವ ಮುಚ್ಚಳ ಯಾವ ಪಾತ್ರೆಯದು ಎಂಬುದು ಈ ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತಿತ್ತು. ಗಂಡ ಹೆಂಡತಿ ಜಗಳವಾಡುತ್ತ ಹೋಗಿ ಜಗಳವಾಡುತ್ತ ಬರುತ್ತಿದ್ದರು. ಎಂಜಿನಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ಅವರಿಬ್ಬರಿಗೂ ಪೂರ್ತಿ ಕೇಳಿಸುತ್ತಿತ್ತೆಂದು ನನಗೆ ನಂಬಿಕೆಯಿಲ್ಲ. ಹಾಗಾಗಿಯೇ ಸಂಸಾರ ಚೆನ್ನಾಗಿತ್ತು!

ಒಂದು ಮಳೆಗಾಲದಲ್ಲಿ ಅವರ ಈ ಜೋಡಿ ತಿರುಗಾಟ ನಿಂತಿತು. ನಾನು ಆಗ ಬಂಟ್ವಾಳದಲ್ಲಿ ಶಾಲಾ ಮಾಸ್ಟ್ರು. ರಜೆಯಾದ್ದರಿಂದ ಹಿಂದೆ ತೊಟ್ಟಿಯಲ್ಲಿ ದೊಡ್ಡ ಕೊಪ್ಪರಿಗೆಯನ್ನು ತಬ್ಬಿಕೊಂಡು ಕೂತಿದ್ದೆ. ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಕೆಂಪು ಮಣ್ಣಿನ ಇಳಿಜಾರು, ಮಳೆ ಆಗಷ್ಟೇ ಬಿಟ್ಟಿತ್ತು. ಭಾವ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರು. ಗಾಡಿ ಎಡಕ್ಕೆ ಹೋಯಿತು. ಬ್ರೇಕ್ ಒತ್ತಿದರು, ಗಾಡಿ ಇನ್ನಷ್ಟು ಮುಂದೆ ಹೋಯಿತು. ಆಮೇಲೆ ಏನೂ ಅವಸರವಿಲ್ಲದವರ ಹಾಗೆ ಓರೆಯಾಗಿ ಜಾರುತ್ತ ಜಾರುತ್ತ ಒಂದು ಹಲಸಿನ ಮರಕ್ಕೆ ಒರಗಿ ನಿಂತಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಆದರೆ ಅಕ್ಕ ಕೂತ ಬದಿಯ ಬಾಗಿಲಿನ ಹೊರಗೆ ನೆಲ ಇರಲಿಲ್ಲ. ನೀರು ಹರಿಯುವ ತೋಡು ಇತ್ತು, ಬಹಳ ಕೆಳಗೆ.

ಅಕ್ಕ ಡ್ರೈವರ್ ಸೀಟನ್ನು ದಾಟಿ ಈಚೆ ಬಾಗಿಲಿನಿಂದ ಇಳಿದಳು. ಸೆರಗು ಸರಿಮಾಡಿಕೊಂಡಳು. "ಇನ್ನು ಈ ಗಾಡಿಗೆ ನಾನಿಲ್ಲ," ಎಂದಳು. ಬಸ್ಸಿನ ರಸ್ತೆಗೆ ನಡೆದೇಬಿಟ್ಟಳು.

ಅಂದಿನಿಂದ ಭಾವ ಒಬ್ಬರೇ ಹೋಗತೊಡಗಿದರು. ಫಲ ಏನೆಂದರೆ ಬೇರೆ ಯಾರದೋ ಮುಚ್ಚಳಗಳು ಅಕ್ಕನ ಮನೆಗೆ ಬಂದವು, ಅಲ್ಲಿಯವು ಯಾರದೋ ಮನೆಯಲ್ಲಿ ಉಳಿದವು. ಅಕ್ಕ ಒಂದೊಂದನ್ನೇ ಎತ್ತಿ ನೋಡಿ, "ಇದು ನಮ್ಮದಲ್ಲ. ಇದೂ ನಮ್ಮದಲ್ಲ. ನೀವಾದರೂ ನಮ್ಮವರೇ ಬಂದದ್ದಾ?" ಎಂದು ಕೇಳುತ್ತಿದ್ದಳು.

ಮುಂದಿನ ಸೀಟು ಖಾಲಿ ಇದ್ದದ್ದು ಭಾವನಿಗೆ ಸಹಿಸಲಾಗಲಿಲ್ಲ. ಹಾಗೆಂದು ಅವರು ಹೇಳಲಿಲ್ಲ, ಅವರು ಹೇಳಿದ್ದು ಇಷ್ಟೆ: "ಅವಳು ಹೆದರಿದ್ದು ಟಯರಿಗೆ. ಬೋಳು ಟಯರು, ಮೇಲೆ ಬೇರೆ ರಬ್ಬರು ಅಂಟಿಸಿ ರೀಸೋಲ್ ಮಾಡಿದ್ದು. ತಪ್ಪು ನನ್ನದೇ. ಟಾರಿನಲ್ಲೂ ಹೋಗ್ಬೇಕು, ಕೆಸರಿನಲ್ಲೂ ಹೋಗ್ಬೇಕು, ಕಲ್ಲಿನಲ್ಲೂ ಹೋಗ್ಬೇಕು, ಅಂಥದೊಂದು ಟಯರು ಸಿಕ್ಕಿದರೆ ಅವಳು ಹತ್ತುತ್ತಾಳೆ. ಸಿಗುದಿಲ್ಲ ಅಂತ ಇಲ್ಲ ಭಾವ. ಹುಡುಕುವ."

ಹುಡುಕುವ ಎಂದರೆ ನನ್ನ ಶಾಲೆಗೆ ರಜೆ ಇದ್ದ ದಿನವೆಲ್ಲ ನಾವಿಬ್ಬರೂ ಎಂದು ಅರ್ಥ. ಮೆಲ್ಕಾರಿನಲ್ಲಿ, ಊರವರೆಲ್ಲ ಕಾಕ ಎಂದು ಕರೆಯುವ ಒಬ್ಬ ಬ್ಯಾರಿಯವರ ಟಯರಂಗಡಿ ಇತ್ತು. ಹೋದೆವು.

"ಗಾಡಿ ಯಾವ ರೋಡಿನಲ್ಲಿ ಓಡುದು ಧಣಿ?" ಎಂದು ಕಾಕ ಕೇಳಿದರು.

"ಎಲ್ಲ ರೋಡಿನಲ್ಲಿ."

"ಎಲ್ಲ ಅಂದ್ರೆ ಆಗ್ಲಿಕ್ಕಿಲ್ಲ. ಟಾರಿಗೆ ಗೆರೆಯ ಟಯರು, ಕೆಸರಿಗೆ ಹಲ್ಲಿನ ಟಯರು. ನಿಮಗೆ ಎಂತದಕ್ಕೆ ಬೇಕು?"

"ನನ್ನ ಹೆಂಡತಿಗೆ," ಎಂದರು ಭಾವ.

ಕಾಕ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಕಾಕ ಗಡ್ಡ ಕೆರೆದುಕೊಂಡು, "ಕಷ್ಟ ಉಂಟು. ಕಂಪೆನಿಯವರು ಅದೊಂದು ಇನ್ನೂ ಮಾಡ್ಲಿಲ್ಲ," ಎಂದರು.

ಆದರೂ ಪರೀಕ್ಷೆಗೆಂದು ಎರಡು ಜಾತಿಯ ಒಂದೊಂದು ಟಯರನ್ನು ಕಡ ಕೊಟ್ಟರು. ಪರೀಕ್ಷೆ ಎಲ್ಲಿ? ಮಳೆ ಬಿಟ್ಟ ಮೇಲೆ ಅಂಗಳ ಮಾಡುವುದು ನಮ್ಮಲ್ಲಿ ಸಣ್ಣ ಕೆಲಸವಲ್ಲ. ನೆಲ ಕೆತ್ತಿ, ಮಣ್ಣು ತುಂಬಿ, ನೀರು ಹೊಯ್ದು, ಹಲಗೆಯಿಂದ ಬಡಿದು ಬಡಿದು ಕನ್ನಡಿಯ ಹಾಗೆ ಮಾಡಿ, ಆಮೇಲೆ ಸಗಣಿ ಸಾರಿಸಬೇಕು. ಅಕ್ಕ ಬಡಿದು ಮುಗಿಸಿ ಸ್ನಾನಕ್ಕೆ ಹೋಗಿದ್ದಳು. ಅಂಗಳ ಹಸಿ ಇತ್ತು. ತಾಲೂಕಿನಲ್ಲೇ ಇಷ್ಟು ಒಳ್ಳೆಯ ಕೆಸರು ಇಲ್ಲವೆಂದು ಭಾವನಿಗೆ ಅನ್ನಿಸಿತು. ಟಯರಿನ ಒಳಗೆ ಅಕ್ಕಿಯ ಮೂಟೆ ಕಟ್ಟಿ, ನಾನೊಂದು ಬದಿ ಅವರೊಂದು ಬದಿ ಹಿಡಿದು, ತುಳಸಿಕಟ್ಟೆಯಿಂದ ದನದ ಹಟ್ಟಿಯವರೆಗೆ ಉರುಳಿಸಿದೆವು. ತಿರುಗಿ ಉರುಳಿಸಿದೆವು.

"ನೋಡಿ ಭಾವ, ಗೆರೆಯದ್ದು ಹಾವು ಹೋದ ಹಾಗೆ ಹೋಗಿದೆ. ಹಲ್ಲಿನದ್ದು ನೆಲವನ್ನು ಹೇಗೆ ಕಚ್ಚಿದೆ, ನೋಡಿ!"

ಅಕ್ಕ ಬಂದು ಜಗಲಿಯಲ್ಲಿ ನಿಂತಳು. ತುಂಬ ಹೊತ್ತು ನೋಡಿದಳು.

"ಎಂತ ಇದು?"

"ಹಿಡಿತ," ಎಂದರು ಭಾವ.

"ಬಡಿಯುವ ಹಲಗೆ ಅಲ್ಲುಂಟು," ಎಂದಳು ಅಕ್ಕ. "ಅದನ್ನೂ ಹಿಡ್ಕೊಳ್ಳಿ. ಇಬ್ಬರೂ."

ಸಂಜೆಯವರೆಗೆ ಬಡಿದೆವು. ಆದರೆ ಗೆದ್ದದ್ದು ಹಲ್ಲಿನ ಟಯರು. ನಾಲ್ಕು ಚಕ್ರಕ್ಕೂ ಅದನ್ನೇ ಹಾಕಿ, ಪಾತ್ರೆ ಹೇರಿಕೊಂಡು ಮೂಡುಬಿದಿರೆಗೆ ಹೊರಟೆವು. ಅಯ್ಯೋ! ಟಾರು ರಸ್ತೆ ಮುಟ್ಟಿದ್ದೇ ತಡ, ಗಾಡಿ ಜೇನುಗೂಡಿನ ಹಾಗೆ ಗುಂಯ್ ಎನ್ನತೊಡಗಿತು. ಸೀಟು ನಡುಗಿತು, ಸೀಟಿನ ಮೇಲೆ ನಾನು ನಡುಗಿದೆ, ನನ್ನ ಕನ್ನಡಕದಲ್ಲಿ ಇಡೀ ಮೂಡುಬಿದಿರೆ ರಸ್ತೆ ನಡುಗಿತು. ಹಿಂದೆ ಮುಚ್ಚಳಗಳು ತಾಳ ಹಾಕಿದವು. ಪ್ರತಿ ತಿರುವಿಗೂ ಒಂದೊಂದು ಸೌಟು ಹಾರಿ ಕೆಳಗಿಳಿಯಿತು. ಮದುವೆಮನೆ ಮುಟ್ಟಿದಾಗ ಕೊಪ್ಪರಿಗೆಗಳಿದ್ದವು, ಬಡಿಸಲು ಸೌಟಿರಲಿಲ್ಲ.

ತಿರುಗಿ ಹೋಗಿ ರಸ್ತೆ ಬದಿಯ ಮನೆಮನೆಗಳಲ್ಲಿ ಕೇಳಿದೆವು. ಜನ ಒಳ್ಳೆಯವರು, ಹೆಚ್ಚಿನವರು ಸೌಟನ್ನು ಹೆಕ್ಕಿ ಒಳಗಿಟ್ಟಿದ್ದರು. ಆದರೆ ನಮ್ಮ ಊರಿನಲ್ಲಿ ಮನೆಗೆ ಬಂದವನಿಗೆ ಬೆಲ್ಲ ನೀರು ಕೊಡದೆ ಮಾತೇ ಶುರುವಾಗುವುದಿಲ್ಲವಲ್ಲ! ಒಂದು ಸೌಟಿಗೆ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು, ಅದರ ಮೇಲೆ "ನಿಮ್ಮದು ಎಲ್ಲಿ ಆಯಿತು?" ಎಂದು ಊರು ಮನೆಯ ವಿಚಾರಣೆ. ಎಲ್ಲ ಸೌಟು ಸೇರಿಸಿ ತಂದಾಗ ಮದುವೆಮನೆಯವರು ಕೈಯಲ್ಲೇ ಬಡಿಸಿ ಮುಗಿಸಿದ್ದರು. ನಮಗೆ ಊಟಕ್ಕೆ ಹೊಟ್ಟೆಯಲ್ಲಿ ಜಾಗವೂ ಇರಲಿಲ್ಲ.

ಇಷ್ಟಾದರೆ ಬೇರೆಯವರು ಬಿಡುತ್ತಿದ್ದರು. ಭಾವ ಬಿಡುವವರೇ? ಊಟದ ಎಲೆಯನ್ನು ನೋಡುತ್ತ ಅವರಿಗೆ ಹೊಸ ದಾರಿ ಹೊಳೆಯಿತು.

"ಎಲೆಯಲ್ಲಿ ಖಾರ ಎಲ್ಲ ಒಂದೇ ಬದಿಗೆ ಬಡಿಸ್ತಾರಾ? ಉಪ್ಪಿನಕಾಯಿ ಎಡಕ್ಕೆ, ಪಲ್ಯ ಬಲಕ್ಕೆ. ಹಾಗೆ ಹಂಚಿ ಬಡಿಸಿದರೆ ಊಟ. ಟಯರಿಗೂ ಅದೇ ಲೆಕ್ಕ!"

ಮುಂದೆ ಎಡಕ್ಕೆ ಗೆರೆ, ಬಲಕ್ಕೆ ಹಲ್ಲು. ಹಿಂದೆ ಎಡಕ್ಕೆ ಹಲ್ಲು, ಬಲಕ್ಕೆ ಗೆರೆ. ಯಾವ ಬದಿಗೂ ಅನ್ಯಾಯವಾಗದ ಹಾಗೆ ಬಡಿಸಿದರು. ಮೆಲ್ಕಾರಿನ ಕಾಕ ಎರಡೂ ಕೈಯೆತ್ತಿ, "ಹಾಗೆ ಹಾಕುವವರು ಜಗತ್ತಿನಲ್ಲಿ ಯಾರೂ ಇಲ್ಲ ಧಣಿ," ಎಂದರು. "ಅದಕ್ಕೇ ಯಾರಿಗೂ ಸಿಗ್ಲಿಲ್ಲ," ಎಂದು ಭಾವ ಹೊರಟರು.

ಬೆಳ್ತಂಗಡಿಗೆ ಹೋಗುವ ದಾರಿ. ಟಾರಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ, ಮುಂದಿನ ಗೆರೆಯ ಬದಿಗೆ ಎಳೆಯಿತು, ಕೆಸರಿನಲ್ಲಿ ಒತ್ತಿದರೆ ಬಲಕ್ಕೆ, ಮುಂದಿನ ಹಲ್ಲಿನ ಬದಿಗೆ. ಒಂದು ಕಡೆ ಎದುರಿಗೆ ದನ ಬಂತು. ಭಾವ ಬ್ರೇಕ್ ಒತ್ತಿದರು. ಗಾಡಿ ದನವನ್ನು ಬಿಟ್ಟು ಎಡಗಡೆಯ ಹೋಟೆಲಿನ ಬಾಗಿಲಿಗೆ ಮುಖಮಾಡಿ ಶಿಸ್ತಾಗಿ ನಿಂತಿತು. ಹೋಟೆಲಿನವನು ನಮ್ಮನ್ನು ನೋಡಿ ಎರಡು ಚಾ ತಂದಿಟ್ಟ. ಕುಡಿಯದೆ ಏನು ಮಾಡುವುದು?

"ಬರುವಾಗಲೂ ಇಲ್ಲಿಗೇ ಬರ್ತೀರಲ್ವಾ?" ಎಂದು ಅವನು ಕೇಳಿದ.

"ನಮ್ಮ ಕೈಯಲ್ಲಿಲ್ಲ ಮಾರಾಯ," ಎಂದರು ಭಾವ. ಅವರು ತಮಾಷೆ ಮಾಡಲಿಲ್ಲ. ನಾನು ಅವರ ಮುಖ ಸರಿಯಾಗಿ ನೋಡಿದ್ದೇನೆ.

ಕೊನೆಗೆ ಕಾಕನೇ ಕನಿಕರಪಟ್ಟು ಮಂಗಳೂರಿನಿಂದ ಒಂದು ಮಾದರಿ ತರಿಸಿದರು. ನಡುವೆ ಗೆರೆ, ಎರಡು ಅಂಚಿಗೆ ಹಲ್ಲು. ಒಂದೇ ಟಯರಿನಲ್ಲಿ ಎರಡೂ. ಭಾವ ಅದನ್ನು ಕೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡರು. ಟಾರಿನಲ್ಲಿ ಓಡಿಸಿದೆವು, ಗುಂಯ್ ಎನ್ನಲಿಲ್ಲ. ಗದ್ದೆಯ ಬದಿಯ ಕೆಸರಿಗೆ ಇಳಿಸಿದೆವು, ಏರಿ ಬಂತು. ಮುರಕಲ್ಲಿನ ಮೇಲೆ ಹತ್ತಿಸಿದೆವು, ಹತ್ತಿತು. ನಾಲ್ಕು ಚಕ್ರಕ್ಕೂ, ಸ್ಟೆಪ್ನಿಗೂ ಅದೇ ಆಯಿತು.

ಸ್ಟೆಪ್ನಿಯನ್ನು ಮಾತ್ರ ಗಾಡಿಗೆ ಕಟ್ಟಲಿಲ್ಲ. ಅಡುಗೆಮನೆಯಲ್ಲಿ ಅಕ್ಕ ತರಕಾರಿ ಹೆಚ್ಚುವ ಜಾಗದಲ್ಲಿ ಮಣೆಯನ್ನು ಸರಿಸಿ ಅದನ್ನು ಮಲಗಿಸಿಟ್ಟರು. ಅಕ್ಕ ಬೈದಳು. ಒಂದು ವಾರ ಬೈದು, ಆಮೇಲೊಂದು ದಿನ ಸೊಂಟ ನೋವೆಂದು ಅದರ ಮೇಲೆಯೇ ಕೂತು ಸೌತೆಕಾಯಿ ಹೆಚ್ಚಿದಳು. ಭಾವ ಬಾಗಿಲ ಸಂದಿಯಿಂದ ನೋಡಿ ಓಡಿ ಬಂದು ನನ್ನ ರಟ್ಟೆ ಹಿಡಿದರು.

"ಟಯರಿನ ಮೇಲೆ ಕೂತಳು ಭಾವ! ಇನ್ನು ಅವಳಿಗೂ ಟಯರಿಗೂ ನಡುವೆ ಗಾಡಿ ಒಂದು ತೂರಿಸಿದರೆ ಆಯ್ತು!"

ಆದರೆ ಅಕ್ಕ ಹತ್ತಿದ್ದು ಅದರಿಂದಲ್ಲ. ಘಟ್ಟದ ಬುಡದ ಒಂದು ಮನೆಯ ಮದುವೆಗೆ ಪಾತ್ರೆ ಹೋಗಬೇಕಿತ್ತು. ನಮ್ಮ ದೊಡ್ಡ ಕೊಪ್ಪರಿಗೆಯ ಮುಚ್ಚಳ ಹಿಂದೊಮ್ಮೆ ಅದೇ ಊರಿನಲ್ಲಿ ಎಲ್ಲೋ ಉಳಿದಿತ್ತು. ಅಕ್ಕ ಬೆಳಿಗ್ಗೆ ಸೀರೆ ಉಟ್ಟು ಹೊರಬಂದು, "ಮುಚ್ಚಳ ಹುಡುಕ್ಲಿಕ್ಕೆ ನಾನೇ ಬರ್ತೇನೆ. ನಿಮ್ಮ ಟಯರಿನ ದೆಸೆಯಿಂದ ಅಲ್ಲ, ತಿಳಿತಾ?" ಎಂದಳು.  ಭಾವ ಹೆಗಲ ಮೇಲಿನ ಬೈರಾಸಿನಿಂದ ಮುಂದಿನ ಸೀಟನ್ನು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ನಾನು ಹಿಂದೆ ತೊಟ್ಟಿಯಲ್ಲಿ. ಅವರಿಬ್ಬರ ಬೆನ್ನಿನ ಕಿಟಕಿಗೆ ಗಾಜಿರಲಿಲ್ಲ. ಎಲ್ಲ ಕಾಣುತ್ತಿತ್ತು, ಎಂಜಿನ್ ನಿಂತರೆ ಕೇಳುತ್ತಲೂ ಇತ್ತು. ಬೆಳ್ತಂಗಡಿ ದಾಟಿ ಮಣ್ಣಿನ ರಸ್ತೆ ಹಿಡಿದೆವು. ಒಂದು ಇಳಿಜಾರು ಬಂತು. ಅಂದು ಜಾರಿದ್ದಲ್ಲ, ಇದು ಬೇರೆ. ಅದರಷ್ಟೇ ಕೆಂಪು, ಅದಕ್ಕಿಂತ ಉದ್ದ. ಮಳೆ ಬಂದು ಹೋಗಿತ್ತು.

ಭಾವ ಮೇಲೆಯೇ ಗಾಡಿ ನಿಲ್ಲಿಸಿದರು. ಎಂಜಿನ್ ಆಫ್ ಮಾಡಿ ಇಳಿದರು. ಟಯರು ನೋಡಲು ಇಳಿದರೆಂದು ನಾನು ತಿಳಿದೆ. ಅವರು ಟಯರಿನ ಕಡೆ ಕಣ್ಣೂ ಹಾಯಿಸದೆ ಎದುರಿನಿಂದ ಸುತ್ತಿಬಂದು ಅಕ್ಕನ ಬದಿಯ ಬಾಗಿಲು ತೆರೆದರು.

"ಇಳಿ."

"ಎಂತಕ್ಕೆ?"

"ನೀನು ನಡ್ಕೊಂಡು ಬಾ. ಬದಿಯಲ್ಲಿ ಹುಲ್ಲುಂಟು, ಜಾರುದಿಲ್ಲ. ಗಾಡಿ ನಾನು ಕೆಳಗೆ ತರ್ತೇನೆ."

"ಮತ್ತೆ ಇಷ್ಟು ಕುಣಿದದ್ದು? ಟಯರು ಸರಿ ಇಲ್ವಾ?"

"ಟಯರು ಒಳ್ಳೇದುಂಟು," ಎಂದರು ಭಾವ. "ಆದ್ರೂ ನೀನು ಇಳಿ."

ಬಾಗಿಲು ಹಿಡಿದ ಅವರ ಕೈ ಅದುರುತ್ತಿತ್ತು. ಎಂಜಿನ್ ನಿಂತಿತ್ತು, ಆದ್ದರಿಂದ ಅದು ಗಾಡಿಯ ಅದುರಲ್ಲ.

ಅಕ್ಕ ಆ ಕೈಯನ್ನು ನೋಡಿದಳು.  ಬಾಗಿಲನ್ನು ಮೆಲ್ಲಗೆ ಅವರ ಕೈಯಿಂದ ಬಿಡಿಸಿ ತಾನೇ ಎಳೆದುಕೊಂಡಳು.

"ಹೋಗಿ, ಹತ್ತಿ," ಎಂದಳು. "ಮೆಲ್ಲ ಬಿಡಿ. ನಾನಿದ್ದೇನೆ."

ಭಾವ ಬಂದು ಕೂತರು. ಒಂದನೇ ಗಿಯರಿಗೆ ಹಾಕಿದರು. ಗಿಯರಿನ ಮೇಲಿದ್ದ ಅವರ ಕೈಯ ಮೇಲೆ ಅಕ್ಕ ತನ್ನ ಕೈ ಇಟ್ಟಳು. ಗಾಡಿ ಇಳಿಯಿತು. ಎಲ್ಲಿಯೂ ಜಾರಲಿಲ್ಲ. ಇಳಿಜಾರು ಮುಗಿದು ಸಮತಟ್ಟು ರಸ್ತೆ ಬಂತು. ಎಂಜಿನ್ ಬೊಬ್ಬೆ ಹೊಡೆಯುತ್ತಿತ್ತು, ಹಿಂದಿನ ಬಸ್ಸಿನವನು ಹಾರ್ನ್ ಮೇಲೆ ಹಾರ್ನ್ ಹೊಡೆದ. ಆದರೂ ಭಾವ ಮದುವೆಮನೆಯ ಬಾಗಿಲವರೆಗೆ ಒಂದನೇ ಗಿಯರಿನಲ್ಲೇ ಓಡಿಸಿದರು. ಗಿಯರ್ ಬದಲಿಸಬೇಕಾದರೆ ಅಕ್ಕ ಕೈ ತೆಗೆಯಬೇಕಾಗುತ್ತಿತ್ತು.